ಎಲೆ ಬಿಸಾಡದ ಮೈದುನ, ಏರಿಸುವುದು ಬಿಡದ ಸೋದರಳಿಯ: ನಾಲ್ಕು ಭಾನುವಾರದ ಪೋಕರ್ ಕ್ಲಾಸು

ಮೊದಲೇ ಹೇಳಿಬಿಡುತ್ತೇನೆ, ಕ್ಲಾಸಿನ ಹೆಸರು ಬರೆಯುವುದಿಲ್ಲ. ಹೊಗಳುವುದೂ ಇದೆ, ಬೈಯುವುದೂ ಇದೆ, ಪಾಠ ಮಾಡುವ ಹುಡುಗ ನನ್ನ ಮಗನ ವಯಸ್ಸಿನವನು. ಎಚ್‌ಎಸ್‌ಆರ್ ಲೇಔಟಿನಲ್ಲಿ ಒಂದು ಕೆಫೆಯ ಮೇಲಿನ ಮಹಡಿ. ನಾಲ್ಕು ಭಾನುವಾರ, ಬೆಳಿಗ್ಗೆ ಹತ್ತೂವರೆಯಿಂದ ಒಂದು ಗಂಟೆ, ಫೀಸು 5,500 ರೂಪಾಯಿ. ಹನ್ನೊಂದು ಜನರಲ್ಲಿ ಹತ್ತು ಜನ ಲ್ಯಾಪ್‌ಟಾಪ್ ಬ್ಯಾಗಿನವರು. ಹನ್ನೊಂದನೆಯವಳು ನಾನು, ಕೈಯಲ್ಲಿ ಬಟ್ಟೆ ಚೀಲ.

ವಿಮಾ ಕಂಪನಿಯ ಬ್ರಾಂಚಿನಲ್ಲಿ ಮೂವತ್ತೊಂದು ವರ್ಷ ಪ್ರಪೋಸಲ್ ಫಾರಂ ನೋಡಿ ರಿಟೈರ್ ಆದವಳಿಗೆ ಪೋಕರ್ ಕ್ಲಾಸು ಯಾಕೆ ಬೇಕಾಯಿತು ಅಂದರೆ, ನಮ್ಮ ಮನೆಯ ಶನಿವಾರದಿಂದ. ತ್ಯಾಗರಾಜನಗರದ ನಮ್ಮ ಮನೆಯ ಹಾಲಿನಲ್ಲಿ ಪ್ರತಿ ಶನಿವಾರ ಸಂಜೆ ಆರು ಜನ ಕೂರುತ್ತೇವೆ: ನಾನು, ನಮ್ಮನೆಯವರು, ಮೈದುನ, ವಾರಗಿತ್ತಿ, ನಮ್ಮಣ್ಣ, ಅವನ ಮಗ. ಮೊದಲೆಲ್ಲ ಇಪ್ಪತ್ತೆಂಟು ಆಡುತ್ತಿದ್ದೆವು. ಎರಡು ವರ್ಷದ ಹಿಂದೆ ಸೋದರಳಿಯ ಪೋಕರ್ ಕಲಿಸಿದ. ತಲೆಗೆ ಎರಡು ಎಲೆ ಗುಟ್ಟಾಗಿ, ಎಲ್ಲರಿಗೂ ಸೇರಿದ ಐದು ಎಲೆ ಕೆಳಗೆ ಬಿಚ್ಚಿ, ಮೊದಲು ಮೂರು, ಆಮೇಲೆ ಒಂದೊಂದು. ಸುತ್ತು ಸುತ್ತಿಗೂ ಒಬ್ಬರು ಕಟ್ಟಿದರೆ ಉಳಿದವರು ಅಷ್ಟೇ ಹಾಕಿ ನೋಡಬೇಕು, ಏರಿಸಬೇಕು, ಇಲ್ಲವೇ ಎಲೆ ಬಿಸಾಡಿ ಆ ಆಟದಿಂದ ಹೊರಗೆ. ದುಡ್ಡು ಇಲ್ಲ. ಚೌಕಾಬಾರ ಆಡುತ್ತಿದ್ದ ಕಾಲದಿಂದ ಡಬ್ಬಿಯಲ್ಲಿ ಉಳಿದಿರುವ ಹುಣಿಸೆ ಬೀಜವೇ ನಮ್ಮ ಚಿಪ್ಸು. ತಲೆಗೆ 200 ಬೀಜ, ಬ್ಲೈಂಡು, ಅಂದರೆ ಎಲೆ ನೋಡುವ ಮೊದಲೇ ಇಬ್ಬರು ಸರದಿಯಂತೆ ಹಾಕಲೇಬೇಕಾದದ್ದು, ಒಂದು ಮತ್ತು ಎರಡು. ರಾತ್ರಿ ಕೊನೆಗೆ ಯಾರ ಹತ್ತಿರ ಕಡಿಮೆ ಬೀಜವೋ ಅವರು ಭಾನುವಾರ ಬೆಳಿಗ್ಗೆ ಗಾಂಧಿ ಬಜಾರಿನಲ್ಲಿ ಕ್ಯೂ ನಿಂತು ಎಲ್ಲರಿಗೂ ತಿಂಡಿ ತರಬೇಕು. ಕಳೆದ ಮಳೆಗಾಲದಲ್ಲಿ ಆ ಕ್ಯೂನಲ್ಲಿ ಎಷ್ಟು ಸಲ ಛತ್ರಿ ಹಿಡಿದು ನಿಂತಿದ್ದೇನೆ ಅಂದರೆ, ಸಪ್ಲೈಯರ್‌ಗಳು ನಮಸ್ಕಾರ ಹೇಳುವಷ್ಟು ಪರಿಚಯವಾಗಿಬಿಟ್ಟರು.

ಸೋಲಿಗೆ ಕಾರಣ ಇಬ್ಬರು. ಒಬ್ಬ ಮೈದುನ. ಅವನಿಗೆ ಎಲೆ ಬಿಸಾಡುವುದೇ ಗೊತ್ತಿಲ್ಲ. ಎಷ್ಟು ಕಟ್ಟಿದರೂ "ನೋಡೇ ಬಿಡೋಣ ಅತ್ತಿಗೆ" ಅಂತ ಬೀಜ ತಳ್ಳುತ್ತಾನೆ. ಇನ್ನೊಬ್ಬ ಸೋದರಳಿಯ. ಅವನಿಗೆ ಸುಮ್ಮನೆ ಕೂರುವುದು ಗೊತ್ತಿಲ್ಲ. ಎಲೆ ನೋಡುವ ಮೊದಲೇ ಏರಿಸುತ್ತಾನೋ ಏನೋ ಅನ್ನಿಸುತ್ತದೆ. ಪೋಕರ್ ಭಾಷೆಯಲ್ಲಿ ಮೊದಲನೆಯವನು ಕಾಲಿಂಗ್ ಸ್ಟೇಷನ್, ಎರಡನೆಯವನು ಮೇನಿಯಾಕ್. ನಾನು ಯೂಟ್ಯೂಬ್ ನೋಡಿ ಬ್ಲಫ್, ಅಂದರೆ ಎಲೆ ಇಲ್ಲದಿದ್ದರೂ ಇದೆಯೆಂದು ಕಟ್ಟಿ ಹೆದರಿಸುವುದು, ಕಲಿತು ಮೈದುನನ ಮೇಲೆ ಪ್ರಯೋಗಿಸಿದೆ. ಕೆಳಗೆ ಬಿದ್ದದ್ದು ರಾಜ, ಒಂಬತ್ತು, ನಾಲ್ಕು, ಎರಡು, ಏಳು. ನನ್ನ ಹತ್ತಿರ ರಾಣಿ, ಗುಲಾಮ, ಅಂದರೆ ಏನೂ ಇಲ್ಲ. ರಾಜ ಇದೆಯೆಂಬ ಗತ್ತಿನಲ್ಲಿ ಮೂರು ಸಲವೂ ಕಟ್ಟಿದೆ, ಒಟ್ಟು 110 ಬೀಜ. ಅವನು ಮೂರು ಸಲವೂ ನೋಡೇ ಬಿಟ್ಟ. ತೋರಿಸಿದ್ದು ಒಂಬತ್ತು ಮತ್ತು ಐದು. "ನಿನಗೆ ನನ್ನ ಹತ್ರ ರಾಜ ಇದೆ ಅನ್ನಿಸಲಿಲ್ಲವೇನೋ?" ಅಂತ ಕೇಳಿದೆ. "ಅದೆಲ್ಲ ಯಾರು ಯೋಚ್ನೆ ಮಾಡ್ತಾರೆ ಅತ್ತಿಗೆ, ನನಗೆ ಜೋಡಿ ಇತ್ತಲ್ಲ" ಅಂದ.

ಆ ರಾತ್ರಿಯೇ ಕ್ಲಾಸಿಗೆ ಫೀಸು ಕಟ್ಟಿದೆ.

ಎದುರು ಮನೆಯವರು "ಏನ್ರೀ, ಇಸ್ಪೀಟ್ ಕ್ಲಾಸಾ? ಪೊಲೀಸ್ನೋರು ಬರಲ್ವಾ?" ಅಂತ ಕೇಳಿದರು. ಪೇಪರಿನಲ್ಲಿ ದಿನಾ ಅಂದರ್-ಬಾಹರ್ ಅಡ್ಡೆ ಮೇಲೆ ದಾಳಿ ಅಂತ ಓದುವವರು, ಅವರ ತಪ್ಪಲ್ಲ. ಕ್ಲಾಸಿನಲ್ಲಿ ಹಣದ ಮಾತೇ ಇಲ್ಲ, ಬರೀ ಚಿಪ್ಸು. ಪಾಠ ಮಾಡುವ ಹುಡುಗ ಮೊದಲು ಆ್ಯಪ್‌ಗಳಲ್ಲಿ ಆಡಿ ಸಂಪಾದಿಸುತ್ತಿದ್ದವನಂತೆ. ನಮ್ಮ ರಾಜ್ಯ 2021ರಲ್ಲಿ ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತ್ತು. 2022ರ ಫೆಬ್ರವರಿಯಲ್ಲಿ ಹೈಕೋರ್ಟು ಅದನ್ನು ತಳ್ಳಿಹಾಕಿತು. ಆಮೇಲೆ 2025ರ ಆಗಸ್ಟ್‌ನಲ್ಲಿ ಸಂಸತ್ತೇ ಕಾಯ್ದೆ ಮಾಡಿತು, ಹುಡುಗನ ಅಂಗಡಿ ಮುಚ್ಚಿತು, ಪಾಠ ಶುರುವಾಯಿತು. ಅದೇ ತಿಂಗಳು ಹಳದಿ ಮೆಟ್ರೋ ಓಡಲು ಶುರುವಾಗಿದ್ದು ನನ್ನ ಪುಣ್ಯ. ಸೌತ್ ಎಂಡ್ ಸರ್ಕಲ್‌ನಲ್ಲಿ ಹತ್ತಿ, ಆರ್‌ವಿ ರೋಡಿನಲ್ಲಿ ಬದಲಿಸಿ, ಸಿಲ್ಕ್ ಬೋರ್ಡಿನಲ್ಲಿ ಇಳಿದು ಆಟೋ. ಮೆಟ್ರೋ ಇಲ್ಲದಿದ್ದರೆ ಆ ಜಂಕ್ಷನ್ ದಾಟಿ ಪೋಕರ್ ಕಲಿಯುವ ಹುಚ್ಚು ನನಗಿಲ್ಲ.

ಮೊದಲ ಭಾನುವಾರ ಲೆಕ್ಕದ ದಿನ. 52 ಎಲೆಯಲ್ಲಿ ಎರಡೆರಡು ಎಲೆಯ ಜೊತೆ 1,326 ಬಗೆ. ಕೈಗೆ ಜೋಡಿ ಬರುವುದು 17 ಆಟಕ್ಕೊಮ್ಮೆ, ಜೋಡಿ ಎಕ್ಕವಾದರೆ 221 ಆಟಕ್ಕೊಮ್ಮೆ. ಅಂದರೆ ಒಳ್ಳೆ ಎಲೆ ಅಪರೂಪ. ಹಾಗಿದ್ದ ಮೇಲೆ ಆಟಕ್ಕಾಟ ಒಳಗೆ ಬರುವವನ ಕೈಯಲ್ಲಿ ಬಹುಪಾಲು ಕಸವೇ ಇರಬೇಕು. ಇಷ್ಟು ಸರಳವಾದ ಮಾತು ಎರಡು ವರ್ಷ ನನಗೆ ಹೊಳೆದಿರಲಿಲ್ಲ. ಮುಂದಿನ ವಾರಕ್ಕೆ ಕೊಟ್ಟ ಹೋಂವರ್ಕು ಇಡೀ ಕ್ಲಾಸಿನಲ್ಲೇ ಬೆಲೆಬಾಳುವ ವಸ್ತು: ಮನೆಯಲ್ಲಿ 40 ಆಟ ಆಡಿ, ಯಾರು ಎಷ್ಟು ಸಲ ಬ್ಲೈಂಡಿನ ಬಲವಂತವಿಲ್ಲದೆ ತಾವಾಗಿಯೇ ಬೀಜ ಹಾಕಿ ಒಳಗೆ ಬಂದರು, ಎಷ್ಟು ಸಲ ಏರಿಸಿದರು ಅಂತ ಗೀಟು ಹಾಕಿಕೊಂಡು ಬನ್ನಿ.

ಹಾಲಿನ ಲೆಕ್ಕದ ಪುಸ್ತಕದ ಹಿಂದೆ ಗೀಟು ಹಾಕಿದೆ. ಮೈದುನ 40ರಲ್ಲಿ 31 ಆಟಕ್ಕೆ ಬಂದ, ಏರಿಸಿದ್ದು ಎರಡೇ ಸಲ. ಸೋದರಳಿಯ 29ಕ್ಕೆ ಬಂದ, ಅದರಲ್ಲಿ 22 ಸಲ ಏರಿಸಿದ. ನಮ್ಮನೆಯವರು ಐದು. ಅವರು ಬ್ಯಾಂಕಿನಲ್ಲಿದ್ದವರು, ಅಡಮಾನ ಇಲ್ಲದೆ ಹೆಜ್ಜೆ ಇಡುವುದಿಲ್ಲ. ನಾನು 12. ವಾರಗಿತ್ತಿ, ಅಣ್ಣ ಮಧ್ಯದಲ್ಲೆಲ್ಲೋ. ಇನ್ನೊಂದು ಗೀಟು ನಾನೇ ಹೊಸದಾಗಿ ಸೇರಿಸಿದ್ದೆ: ಕೊನೆ ಎಲೆ ಬಿದ್ದ ಮೇಲೆ ಯಾರಾದರೂ ಕಟ್ಟಿದಾಗ ಮೈದುನ ಎಷ್ಟು ಸಲ ಬಿಟ್ಟುಕೊಟ್ಟ? 14ರಲ್ಲಿ ಎರಡು.

ಎರಡನೇ ಭಾನುವಾರ ಹುಡುಗ ಆ ಪುಸ್ತಕ ನೋಡಿ ಬೋರ್ಡಿನ ಮೇಲೆ ಬರೆದೇಬಿಟ್ಟ. ಪಾಟಿನ (ನಡುವೆ ಕೂಡಿದ ರಾಶಿಯ) ಅರ್ಧದಷ್ಟು ಕಟ್ಟಿ ಬ್ಲಫ್ ಮಾಡಿದರೆ ಮೂರು ಸಲಕ್ಕೆ ಒಂದು ಸಲವಾದರೂ ಎದುರಾಳಿ ಎಲೆ ಬಿಸಾಡಬೇಕು, ಇಲ್ಲದಿದ್ದರೆ ನಷ್ಟ. ಪಾಟಿನಷ್ಟೇ ಕಟ್ಟಿದರೆ ಎರಡಕ್ಕೆ ಒಂದು. ನಿಮ್ಮ ಮೈದುನ ಬಿಸಾಡುವುದು ಏಳಕ್ಕೆ ಒಂದು. "ಮೇಡಂ, ಇವರ ಮೇಲೆ ಬ್ಲಫ್ ಮಾಡೋದು ಬಾಗಿಲಿಲ್ಲದ ಗೋಡೆ ತಟ್ಟಿದ ಹಾಗೆ" ಅಂದ. ಎಲ್ಲರೂ ನಕ್ಕರು. ನಾನು ಕಳೆದುಕೊಂಡ 110 ಬೀಜ ನೆನೆದು ಸುಮ್ಮನಿದ್ದೆ.

ಬ್ಲಫ್ ನಿಲ್ಲಿಸಿದರೆ ಆಯಿತೇ? ಅದು ಅರ್ಧ ಪಾಠ. ಇನ್ನರ್ಧ, ಒಳ್ಳೆ ಎಲೆ ಬಂದಾಗ ಸಂಕೋಚ ಬಿಡುವುದು. ನಾನು ರಾಜನ ಜೋಡಿ ಸಿಕ್ಕರೂ ಮೈದುನ ಓಡಿಹೋಗಬಾರದೆಂದು ಆರು, ಎಂಟು ಬೀಜ ಕಟ್ಟುತ್ತಿದ್ದೆ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ಸಂಜೆ ಗಾಂಧಿ ಬಜಾರಿನ ಹೂವಿನವಳು ಮಲ್ಲಿಗೆಯ ಬೆಲೆ ಇಳಿಸುತ್ತಾಳೆಯೇ? ಎಷ್ಟು ಹೇಳಿದರೂ ಕೊಂಡು ಹೋಗುವ ಗಿರಾಕಿ ಎದುರಿಗೆ ನಿಂತಿದ್ದಾನೆ. ಆ ಶನಿವಾರ ರಾಜ-ರಾಣಿ ಇಟ್ಟುಕೊಂಡು ರಾಜ, ಎಂಟು, ಐದರ ಮೇಲೆ ಮೂರು ಸುತ್ತೂ ಪಾಟಿನ ಮುಕ್ಕಾಲು ಕಟ್ಟಿದೆ. ಮೂರು ಸುತ್ತೂ ನೋಡೇ ಬಿಟ್ಟ, ಎಂಟರ ಜೋಡಿಯಲ್ಲಿ. ಬೇರೆ ಯಾರೇ ಆಗಿದ್ದರೂ ಎರಡನೇ ಸುತ್ತಿಗೆ ಎದ್ದುಹೋಗುತ್ತಿದ್ದರು.

ಅದೇ ದಿನ ಬರೆದುಕೊಂಡ ಇನ್ನೊಂದು ಸಾಲು: ಬರೀ ನೋಡುವವನು ಒಂದು ದಿನ ಏರಿಸಿದರೆ, ಓಡು. ಮೈದುನ 40 ಆಟದಲ್ಲಿ ಎರಡು ಸಲ ಏರಿಸಿದವನು. ಎರಡು ವಾರದ ನಂತರ ಕೊನೆ ಎಲೆಗೆ ನನ್ನ 30ರ ಮೇಲೆ 90 ಇಟ್ಟ. ನನಗೆ ಎರಡು ಜೋಡಿ ಇತ್ತು. ಹೊಟ್ಟೆ ಉರಿದರೂ ಬಿಸಾಡಿದೆ. ಅವನೇ ಸಂತೋಷ ತಡೆಯಲಾರದೆ ಎತ್ತಿ ತೋರಿಸಿದ, ಐದೂ ಆಟೀನ್. 60 ಬೀಜ ಉಳಿಯಿತು.

ಮತ್ತೊಂದು ಲೆಕ್ಕ ನನ್ನ ಕಣ್ಣು ತೆರೆಸಿತು. ಜೋಡಿ ಎಕ್ಕ ಬಂದರೆ ಗೆದ್ದ ಹಾಗೇ ಅಂದುಕೊಂಡಿದ್ದೆ. ಎದುರಿಗೆ ಯಾವುದೋ ಎಲೆ ಹಿಡಿದ ಒಬ್ಬನೇ ಇದ್ದು ಕೊನೆತನಕ ಹೋದರೆ ಅದು ಗೆಲ್ಲುವುದು ನೂರಕ್ಕೆ 85 ಸಲ. ಇಬ್ಬರಿದ್ದರೆ 73, ಮೂವರಿದ್ದರೆ 64, ಐದು ಜನ ಇದ್ದರೆ 49. ನಮ್ಮ ಮನೆಯ ಹಾಗೆ ಎಲ್ಲರೂ ಎರಡೆರಡು ಬೀಜಕ್ಕೆ ಒಳಗೆ ಬಂದು ಕೂತರೆ, ಎಕ್ಕದ ಜೋಡಿಗೂ ನಾಣ್ಯ ಚಿಮ್ಮಿದಷ್ಟೇ ಅವಕಾಶ. ಅದಕ್ಕೇ ಮೊದಲೇ ದೊಡ್ಡದಾಗಿ ಏರಿಸಿ ಜನ ಕಡಿಮೆ ಮಾಡಬೇಕು. ಕ್ಲಾಸಿನಲ್ಲಿ ಹೇಳಿದ್ದು ಬ್ಲೈಂಡಿನ ಮೂರು ಪಟ್ಟಲ್ಲ, ಐದಾರು ಪಟ್ಟು, ಸುಮ್ಮನೆ ಒಳಗೆ ಬಂದು ಕೂತ ಒಬ್ಬೊಬ್ಬರಿಗೂ ಇನ್ನೊಂದು ಪಟ್ಟು. ನಾನು 14 ಕಟ್ಟಿ ನೋಡಿದೆ. ಅಣ್ಣ, ವಾರಗಿತ್ತಿ ಹೋದರು. ಮೈದುನ ಹೋಗಲಿಲ್ಲ, ಅದನ್ನು ಹೇಳಬೇಕಾಗಿಲ್ಲ.

ಮೂರನೇ ಭಾನುವಾರದ ಬಗ್ಗೆ ನನಗೆ ಸಿಟ್ಟಿದೆ. ಎರಡೂವರೆ ಗಂಟೆ ಪ್ರೊಜೆಕ್ಟರ್ ಹಾಕಿ ಕಂಪ್ಯೂಟರ್ ಲೆಕ್ಕ ಹಾಕಿದ ಬಣ್ಣಬಣ್ಣದ ಚೌಕ ತೋರಿಸಿದರು. ಈ ಎಲೆ ಬಂದರೆ ನೂರಕ್ಕೆ 67 ಸಲ ಕಟ್ಟು, 33 ಸಲ ಸುಮ್ಮನಿರು, ಆಗ ನಿನ್ನನ್ನು ಯಾರೂ ಓದಲಾರರು ಅಂತ. ಒಳ್ಳೆಯದೇ ಇರಬಹುದು. ಆದರೆ ನನ್ನನ್ನು ಓದುವವರು ಯಾರಿದ್ದಾರೆ? ಮೈದುನ ತನ್ನ ಎಲೆಯನ್ನೇ ಎರಡು ಸಲ ನೋಡುವುದಿಲ್ಲ. ಕಳ್ಳನಿಲ್ಲದ ಊರಿನಲ್ಲಿ ಮೂರು ಬೀಗ ಹಾಕುವ ಪಾಠ ಅದು. ಕ್ಲಾಸಿಗೆ ಸೇರಿಸುವಾಗ "ಮನೆ ಆಟ ಆಡುವವರಿಗೆ" ಅಂತ ಹೇಳಿದ್ದರು. ಮನೆ ಆಟದಲ್ಲಿ ಎದುರಾಳಿ ಮಾಡುವ ತಪ್ಪು ಒಂದೇ, ಅದನ್ನೇ ವಾರ ವಾರ ಮಾಡುತ್ತಾನೆ. ಆ ಒಂದು ತಪ್ಪಿನ ಕಡೆಗೆ ನಾವೂ ವಾಲಬೇಕು, ನೇರ ನಿಲ್ಲಬಾರದು. ಪ್ರಶ್ನೆ ಕೇಳಿದೆ. "ಅದೆಲ್ಲ ಅಡ್ವಾನ್ಸ್ಡ್ ಬ್ಯಾಚಲ್ಲಿ ಬರುತ್ತೆ ಮೇಡಂ" ಅಂದ. ಆ ಬ್ಯಾಚಿನ ಫೀಸು 18,000. ಬಂದ ಪಾಂಪ್ಲೆಟ್ಟಿನಲ್ಲಿ ಮನೆಗೆ ಬಂದು ಹಪ್ಪಳ ಸುತ್ತಿಟ್ಟೆ. ಕ್ಲಾಸಿನಲ್ಲಿ ಏಸಿಯೋ, ಮೈ ನಡುಗುವಷ್ಟು ತಣ್ಣಗೆ ಹಾಕಿರುತ್ತಾರೆ. ಸ್ವೆಟರ್ ಇಟ್ಟುಕೊಂಡು ಹೋಗಿ.

ನಾಲ್ಕನೇ ಭಾನುವಾರ ಆ ಸಿಟ್ಟನ್ನು ಮುಕ್ಕಾಲು ಪಾಲು ಇಳಿಸಿತು. ಹುಡುಗನ ಸಹಾಯಕ ಮೇನಿಯಾಕ್ ವೇಷ ಹಾಕಿ ಕೂತ. ಏನು ಬಂದರೂ ಏರಿಸುವುದೇ ಅವನ ಕೆಲಸ. ನಾವು ಒಬ್ಬೊಬ್ಬರೇ ಅವನ ಎದುರು ಕೂರಬೇಕು. ನನಗೆ ಎಕ್ಕದ ಜೋಡಿ ಸಿಕ್ಕಿತು, ಅವನು ಕಟ್ಟಿದ, ನಾನು ಹುಮ್ಮಸ್ಸಿನಲ್ಲಿ ಮೂರು ಪಟ್ಟು ಏರಿಸಲು ಚಿಪ್ಸಿಗೆ ಕೈ ಹಾಕಿದೆ. ಹುಡುಗ ಮೇಜಿನ ಮೇಲೆ ಕೈ ಅಡ್ಡ ಇಟ್ಟ. "ಮೇಡಂ, ಅವನು ನಿಮಗೆ ದುಡ್ಡು ಕೊಡ್ತಾ ಇದ್ದಾನೆ. ಕೊಡೋ ಕೈನ ಯಾಕೆ ಹಿಡ್ಕೋತೀರ?"

ಅದೊಂದು ಮಾತಿಗೆ 5,500 ಕೊಡಬಹುದು. ನಾನು ಏರಿಸಿದರೆ ಕಸ ಹಿಡಿದು ಕಟ್ಟುತ್ತಿರುವವನು ಎದ್ದು ಹೋಗುತ್ತಾನೆ. ಉಳಿಯುವುದು ನಿಜವಾಗಿಯೂ ಎಲೆ ಇರುವ ದಿನ ಮಾತ್ರ. ಅಂದರೆ ನಾನೇ ಗೆಲ್ಲುವ ದಿನ ಸಣ್ಣ ಪಾಟು, ಸೋಲುವ ದಿನ ದೊಡ್ಡ ಪಾಟು ಮಾಡಿಕೊಳ್ಳುತ್ತಿದ್ದೆ. ಸೋದರಳಿಯನ ಜೊತೆ ಎರಡು ವರ್ಷ ನಡೆದದ್ದು ಇದೇ.

ಇನ್ನೊಂದು ಪಾಠ ಜಾಗದ್ದು. ಏರಿಸುವವನ ಎಡಕ್ಕೆ ಕೂತುಕೊಳ್ಳಿ, ಅವನು ಏನು ಮಾಡಿದ ಅಂತ ನೋಡಿಕೊಂಡು ನೀವು ನಿರ್ಧರಿಸಬಹುದು ಅಂದರು. ಶನಿವಾರ ಮೊಣಕಾಲು ನೋವು ಅಂತ ನೆಪ ಹೇಳಿ ದಿವಾನದ ಮೇಲೆ, ಸೋದರಳಿಯನ ಎಡಕ್ಕೆ ಕೂತೆ. ಇಡೀ ಸಂಜೆ ಎಡವಟ್ಟು. ನಾನು ಮಾತಾಡಿದ ಮೇಲೆಯೇ ಅವನ ಸರದಿ ಬರುತ್ತಿದೆ, ನನ್ನ ತಲೆ ಮೇಲೆ ಏರಿಸುತ್ತಿದ್ದಾನೆ. ಭಾನುವಾರ ಇಡ್ಲಿ-ವಡೆಯ ಕ್ಯೂನಲ್ಲಿ ನಿಂತಾಗ ಹೊಳೆಯಿತು: ನಮ್ಮ ಮನೆಯಲ್ಲಿ ಇಪ್ಪತ್ತೆಂಟರ ಅಭ್ಯಾಸ, ಎಲೆ ಹಂಚುವುದು ಬಲಕ್ಕೆ! ಪೋಕರ್ ಟೇಬಲ್ಲಿನಲ್ಲಿ ಎಡಕ್ಕೆ ಸುತ್ತುತ್ತದೆ. ನಾನು ಕೂರಬೇಕಾದದ್ದು ಅವನ ಬಲಕ್ಕೆ. ಮುಂದಿನ ವಾರ ಮೊಣಕಾಲು ನೋವು ಇನ್ನೊಂದು ಕಾಲಿಗೆ ಹೋಯಿತು.

ಆ ವಾರದ ಒಂದು ಆಟ ವಿವರವಾಗಿ ಹೇಳಬೇಕು. ಮೈದುನ ಫೋನ್ ಬಂತೆಂದು ವರಾಂಡಕ್ಕೆ ಹೋಗಿದ್ದ. ಸೋದರಳಿಯ ಎಂದಿನಂತೆ 12 ಇಟ್ಟ. ನನಗೆ ಎಕ್ಕ ಮತ್ತು ಹತ್ತು, ಬೇರೆ ಬೇರೆ ಬಣ್ಣ. 12 ಹಾಕಿದೆ, ಉಳಿದವರು ಬಿಸಾಡಿದರು. ಬ್ಲೈಂಡು ಸೇರಿ ಪಾಟು 27. ಬಿದ್ದದ್ದು ಎಕ್ಕ, ಎಂಟು, ಮೂರು. ಅವನು 20 ಕಟ್ಟಿದ. ಕೈ ತುರಿಸಿತು, ಆದರೂ ಏರಿಸದೆ 20 ಹಾಕಿದೆ. ಪಾಟು 67. ಆರು ಬಿತ್ತು. ಅವನು 50. ನಾನು ಸ್ವಲ್ಪ ನಿಧಾನಿಸಿ, ನಿಟ್ಟುಸಿರು ಬಿಟ್ಟು 50. (ನಿಟ್ಟುಸಿರು ಕ್ಲಾಸಿನಲ್ಲಿ ಕಲಿಸಿದ್ದಲ್ಲ, ಕ್ಲೇಮ್ ಸೆಕ್ಷನ್ನಿನಲ್ಲಿ ಕಲಿತದ್ದು.) ಪಾಟು 167. ಕೊನೆಗೆ ರಾಜ ಬಿತ್ತು. ಅವನು ಬೀಜದ ರಾಶಿಯನ್ನೇ ಎರಡೂ ಕೈಯಲ್ಲಿ ತಳ್ಳಿದ. ಎಣಿಸಿದರೆ 118. "ಅತ್ತೆ, ಭಯ ಆದ್ರೆ ಬಿಟ್ಬಿಡಿ" ಅಂದ.

ಮೊದಲಾದರೆ ಬಿಟ್ಟೇಬಿಡುತ್ತಿದ್ದೆ. ರಾಜ ಬಂದಿದೆ, ಎರಡು ಜೋಡಿ ಇರಬಹುದು, ನನ್ನ ಹತ್ತು ಯಾತಕ್ಕೂ ಬೇಡ. ಈಗ ಲೆಕ್ಕ ಹಾಕಿದೆ. 118 ಕೊಟ್ಟರೆ ಸಿಗುವ ಒಟ್ಟು ಪಾಟು 403. ಹತ್ತರಲ್ಲಿ ಮೂರು ಸಲ ಗೆದ್ದರೆ ಅಸಲು ಬಂತು. ನನ್ನ ಮುಂದಿರುವುದು 29 ಆಟಕ್ಕೆ ಬಂದು 22 ಸಲ ಏರಿಸುವ ಹುಡುಗ. ಇವನ ಕೈಯಲ್ಲಿ ಏನೂ ಇಲ್ಲದಿರುವುದು ಹತ್ತರಲ್ಲಿ ಮೂರಕ್ಕಿಂತ ಕಡಿಮೆಯೇ? ಪ್ರಪೋಸಲ್ ಫಾರಂ ಓದಿದ ಹಾಗೆ ಅವನ ಹಿಂದಿನ ಚರಿತ್ರೆ ಓದಿಕೊಂಡು 118 ಬೀಜ ಎಣಿಸಿ ತಳ್ಳಿದೆ. ತೋರಿಸಿದ್ದು ಒಂಬತ್ತು ಮತ್ತು ಏಳು. ಸೀಕ್ವೆನ್ಸಿಗೆ ಕಾದು ಕೂತು ಏನೂ ಬಾರದವನು. ವಾರಗಿತ್ತಿ ಚಪ್ಪಾಳೆ ತಟ್ಟಿದಳು. ಮರುದಿನ ಬೆಳಿಗ್ಗೆ ಏಳಕ್ಕೆ ಕ್ಯೂನಲ್ಲಿ ನಿಂತು ಅವನು ಕಳಿಸಿದ ಸೆಲ್ಫಿ ನನ್ನ ಫೋನಿನಲ್ಲಿ ಇನ್ನೂ ಇದೆ.

ಅದರ ಮುಂದಿನ ವಾರ ಹೀಗೇ ನೋಡಿದಾಗ ಅವನಿಗೆ ನಿಜವಾಗಿಯೂ ಎರಡು ಜೋಡಿ ಇತ್ತು, ನನ್ನ ಬೀಜವೆಲ್ಲ ಹೋಯಿತು. ಹತ್ತರಲ್ಲಿ ಮೂರು ಅಂದರೆ ಏಳು ಸಲ ಸೋಲಲೂ ಲೆಕ್ಕದಲ್ಲಿ ಜಾಗವಿದೆ. ಇದನ್ನು ಕ್ಲಾಸಿನಲ್ಲಿ ಒಂದು ಸಾಲಿನಲ್ಲಿ ಹೇಳಿ ಮುಗಿಸಿದರು. ಇಡೀ ಗಂಟೆ ಹೇಳಬೇಕಾದದ್ದು.

ಕ್ಲಾಸಿನಲ್ಲಿ ಹೇಳಿಕೊಡದ ದೊಡ್ಡ ವಿಷಯ: ಇಬ್ಬರೂ ಒಟ್ಟಿಗೆ ಇದ್ದರೆ ಏನು ಮಾಡಬೇಕು? ಎರಡನೇ ವಾರ ಒಬ್ಬ, ನಾಲ್ಕನೇ ವಾರ ಇನ್ನೊಬ್ಬ, ಜೋಡಿಯಾಗಿ ಎಂದೂ ಇಲ್ಲ. ಮೇಲಿನ ಆಟದಲ್ಲಿ ಮೈದುನ ವರಾಂಡದಲ್ಲಿದ್ದ. ಅವನು ಒಳಗಿದ್ದಿದ್ದರೆ ಎಕ್ಕ-ಹತ್ತು ಹಿಡಿದು ಸುಮ್ಮನೆ ನೋಡುತ್ತಾ ಹೋಗುವುದು ಮೂರ್ಖತನ. ಸೋದರಳಿಯನ ಸುಳ್ಳನ್ನು ನಾನು ಹಿಡಿಯುತ್ತಿರುವಾಗ, ನನ್ನ ಬೆನ್ನ ಹಿಂದೆ ಮೈದುನ ಏನೋ ಒಂದು ನಿಜ ಇಟ್ಟುಕೊಂಡು ಕೂತಿರುತ್ತಾನೆ. ಅವನನ್ನು ಹೊರಗೆ ಹಾಕೋಣವೆಂದು ಮೊದಲೇ 40ಕ್ಕೆ ಏರಿಸಿದೆ. "ಎರಡೂ ಒಂದೇ ಬಣ್ಣ ಅತ್ತಿಗೆ" ಅಂತ 40 ಹಾಕಿದ. ಸುಮ್ಮನೆ ನೋಡುತ್ತಾ ಹೋಗಿ ಅಂತ ಹುಡುಗ ಹೇಳಿದ್ದು ಇಲ್ಲಿ ಇನ್ನೂ ಅಪಾಯ. ಕೆಳಗೆ ಎರಡು ಒಂದೇ ಬಣ್ಣ ಬಿದ್ದಾಗ ಮೂರನೆಯದಕ್ಕೆ ಕಾಯುತ್ತಿರುವವನಿಗೆ ಒಂಬತ್ತು ಎಲೆ ಉಳಿದಿರುತ್ತದೆ. ಎರಡು ಎಲೆಯಲ್ಲಿ ಒಂದಾದರೂ ಬರುವ ಸಾಧ್ಯತೆ ನೂರಕ್ಕೆ 35, ಒಂದೇ ಎಲೆಗೆ 19. ಅದನ್ನು ಪುಕ್ಕಟೆ ನೋಡಲು ಬಿಡಬಾರದು, ಬೆಲೆ ಕಟ್ಟಿಸಬೇಕು. ಅವನು ಹೇಗಿದ್ದರೂ ಕಟ್ಟುತ್ತಾನೆ.

ಕೊನೆಗೆ ನಾನೇ ಕಂಡುಕೊಂಡದ್ದು ಹೀಗೆ: ಮೈದುನ ಒಳಗಿರುವಾಗ ಎಕ್ಕ-ಒಂಬತ್ತು, ಎಕ್ಕ-ಎಂಟರಂಥ ಅರೆಬೆಂದ ಎಲೆಗಳನ್ನು ಮುಟ್ಟುವುದಿಲ್ಲ. ಬದಲಿಗೆ ಸಣ್ಣ ಜೋಡಿಗಳಿಗೆ, ಕಡಿಮೆ ಬೆಲೆಯಾದರೆ, ಒಳಗೆ ಹೋಗುತ್ತೇನೆ. ಐದರ ಜೋಡಿಗೆ ಮೊದಲ ಮೂರೆಲೆಯಲ್ಲಿ ಮತ್ತೊಂದು ಐದು ಬೀಳುವುದು ಎಂಟೂವರೆ ಸಲಕ್ಕೊಮ್ಮೆ. ಬೀಳದಿದ್ದರೆ ಎದ್ದು ಕಾಫಿಗೆ ಹೋಗುತ್ತೇನೆ. ಬಿದ್ದ ದಿನ ಒಬ್ಬ ಏರಿಸುತ್ತಾನೆ, ಒಬ್ಬ ನೋಡೇ ಬಿಡುತ್ತಾನೆ, ನಾನು ಬಾಯಿ ಬಿಡಬೇಕಾಗಿಯೇ ಇಲ್ಲ. ಕಷ್ಟವಿರುವುದು ಉಳಿದ ಏಳೂವರೆ ಸಲ ಬೋರು ಹೊಡೆಸಿಕೊಂಡು ಕೂರುವುದರಲ್ಲಿ. ಅವರೆಕಾಯಿ ಸೀಸನ್ನಿನಲ್ಲಿ ಪಕ್ಕದಲ್ಲಿ ಒಂದು ಮೊರ ಇಟ್ಟುಕೊಂಡು ಹಿತುಕುತ್ತಾ ಕೂತರೆ ಸುಲಭ.

ಹಾಗಾದರೆ ಸೇರಬಹುದೇ? ಮನೆಯಲ್ಲಿ ನನ್ನಂಥ ಟೇಬಲ್ಲು ಇರುವವರು ಒಂದು, ಎರಡು, ನಾಲ್ಕನೇ ಭಾನುವಾರಕ್ಕೆ ಹೋಗಿ, ಮೂರನೆಯದಕ್ಕೆ ನಿದ್ದೆ ಮಾಡಿ. ವಾರಕ್ಕಿಷ್ಟು ಅಂತ ಫೀಸು ತೆಗೆದುಕೊಳ್ಳುವುದಿಲ್ಲ, ಕೇಳಿದೆ. ಚಿಪ್ಸು ಭಾರವಾಗಿ ಚೆನ್ನಾಗಿವೆ, ಎಲೆಗಳು ಪ್ಲಾಸ್ಟಿಕ್ಕಿನವು. ನಮ್ಮ ಮನೆಯ ಕಾಗದದ ಕಟ್ಟಿನಲ್ಲಿ ಕಳಾವರ್ ಎಕ್ಕದ ಬೆನ್ನಿಗೆ ಬೋಂಡಾದ ಎಣ್ಣೆ ಕಲೆ ಇತ್ತು, ಅದು ನಮ್ಮನೆಯವರಿಗೆ ಮಾತ್ರ ಗೊತ್ತಿತ್ತೆಂದು ನನಗೆ ತಿಳಿದದ್ದು ಕ್ಲಾಸಿನ ಎಲೆ ನೋಡಿ ಬಂದು ಹೊಸ ಕಟ್ಟು ತರೋಣವೆಂದಾಗ ಅವರು ಬೇಡವೆಂದು ಹಟ ಹಿಡಿದ ಮೇಲೆ.

ಕಳೆದ ಶನಿವಾರ ಮತ್ತೆ 40 ಆಟಕ್ಕೆ ಗೀಟು ಹಾಕಿದೆ. ಸೋದರಳಿಯ ಏರಿಸಿದ್ದು 13 ಸಲ ಮಾತ್ರ, ಅದರಲ್ಲೂ ನಾನು ಒಳಗಿರುವಾಗ ನಾಲ್ಕು. ಹುಡುಗ ಕಲಿತುಬಿಟ್ಟಿದ್ದಾನೆ, ಈಗ ಅವನ 118ಕ್ಕೆ ಹಳೆ ಲೆಕ್ಕ ನಡೆಯುವುದಿಲ್ಲ, ಹೊಸ ಪುಟ ತೆರೆಯಬೇಕು.

ಮೈದುನನದು 32.